ಕೆರೆಯಂಗಳವೂ ಆಟದಂಗಳವೂ

(ಆಕಾಶವಾಣಿ ಭಾಷಣ)

ಕನ್ನಡದಲ್ಲಿ ‘ಅಂಗಳ’ವೆಂಬ ಮಾತು ಬಹು ಉದಾರವಾದದ್ದು. ಮನೆಯ ಮುಂದೆ ಸಾರಿಸಿ ರಂಗವಲ್ಲಿ ಇಡುವ ನೆಲವೂ ಅಂಗಳ. ಏರಿಯ ಹಿಂದೆ ನೀರು ನಿಲ್ಲುವ ನೆಲವೂ ಅಂಗಳ, ಅದು ಕೆರೆಯಂಗಳ. ಸಂಸ್ಕೃತದ ಅಂಗಣವೇ ನಮ್ಮ ಬಾಯಲ್ಲಿ ಅಂಗಳವಾಯಿತೆಂದು ನಿಘಂಟುಕಾರರು ಹೇಳುತ್ತಾರೆ. ಆ ಮೂಲರೂಪವನ್ನೇ ಉಳಿಸಿಕೊಂಡು ಈಚೆಗೆ ನಾವು ‘ಕ್ರೀಡಾಂಗಣ’ವೆಂಬ ಪದವನ್ನು ಕಟ್ಟಿಕೊಂಡೆವು. ಹೀಗೆ ನೀರಿನ ಅಂಗಳಕ್ಕೂ ಆಟದ ಅಂಗಳಕ್ಕೂ ಶಬ್ದದಲ್ಲಿ ನಂಟಸ್ತನವಿದೆ. ಶಬ್ದದಲ್ಲಿರುವ ಈ ನಂಟಸ್ತನ ನೆಲದ ಮೇಲೆ ಜಗಳವಾಗಿ ಪರಿಣಮಿಸಿರುವುದನ್ನು ಕುರಿತು ಈ ಹೊತ್ತು ನಾಲ್ಕು ಮಾತು ಹೇಳಬೇಕೆಂದಿದ್ದೇನೆ.

ನಾನಿರುವುದು ಹಿರಿಯೂರು ತಾಲ್ಲೂಕಿನ ಧರ್ಮಪುರದಲ್ಲಿ. ಒಂದು ಕಾಲಕ್ಕೆ ಇದು ನೊಳಂಬವಾಡಿಗೆ ಸೇರಿದ ಸೀಮೆ. ನೊಳಂಬರ ರಾಜಧಾನಿಯಾದ ಹೆಂಜೇರು, ಇಂದಿನ ಹೇಮಾವತಿ, ಇಲ್ಲಿಗೆ ದೂರವಲ್ಲ. ನಡುವೆ ಈಗ ಆಂಧ್ರದ ಗಡಿ ಬಂದಿದೆ, ಅಷ್ಟೆ. ರಾಜ್ಯದಲ್ಲಿ ಅತ್ಯಂತ ಕಡಮೆ ಮಳೆ ಕಾಣುವ ತಾಲ್ಲೂಕುಗಳ ಸಾಲಿನಲ್ಲಿ ನಮ್ಮದೂ ಒಂದು. ಊರಿಗೆ ದೊಡ್ಡದೊಂದು ಕೆರೆಯಿದೆ. ಅದಕ್ಕೆ ವೇದಾವತಿಯಿಂದ ಪೂರಕ ನಾಲೆ ಬೇಕೆಂಬ ಕೂಗು ಹಳೆಯದು. ಮಳೆ ಕೈಕೊಟ್ಟ ವರ್ಷಗಳಲ್ಲಿ ಕೆರೆಯಂಗಳ ಬಿರುಕು ಬಿಟ್ಟು, ಬಳ್ಳಾರಿ ಜಾಲಿ ಹಬ್ಬಿ, ಏರಿಯ ಮೇಲೆ ನಿಂತವರ ಕಣ್ಣಿಗೆ ವಿಶಾಲವಾದ ಸಮತಟ್ಟು ಬಯಲಾಗಿ ತೋರುತ್ತದೆ. ಇಂಥ ನೋಟ ಈ ಸೀಮೆಯ ಯಾವ ಊರಿನವರಿಗೂ ಹೊಸದಲ್ಲ. ಯಾವುದೇ ಊರಿನಲ್ಲಿ ಶಾಲೆಗೊಂದು ಮೈದಾನ ಬೇಕೆಂಬ ಮಾತು ಹೊರಟ ಕೂಡಲೆ ಯಾರಾದರೊಬ್ಬರು ಬೆರಳು ತೋರುವುದು ಆ ಕಡೆಗೇ. ನೆಲ ಸರ್ಕಾರದ್ದು, ಕೊಳ್ಳುವ ಖರ್ಚಿಲ್ಲ, ಮಟ್ಟ ಮಾಡುವ ಖರ್ಚೂ ಇಲ್ಲ, ಹೇಗಿದ್ದರೂ ನೀರು ಬರುವುದಿಲ್ಲ. ಇವು ಅವರ ವಾದಗಳು.

ಕೊನೆಯ ವಾದವನ್ನು ಮೊದಲು ತೆಗೆದುಕೊಳ್ಳೋಣ. ನಮ್ಮ ತಾಲ್ಲೂಕಿನಲ್ಲೇ ವಾಣಿವಿಲಾಸ ಸಾಗರವಿದೆ. 1907ರ ಹೊತ್ತಿಗೆ ಕಟ್ಟಿ ಮುಗಿದ ಆ ಜಲಾಶಯ 1933ರಲ್ಲಿ ಒಮ್ಮೆ ಕೋಡಿ ಬಿತ್ತು. ಆಮೇಲೆ ಎರಡು ಮೂರು ತಲೆಮಾರುಗಳು ಅದನ್ನು ಕಾಣಲೇ ಇಲ್ಲ. ಮಾರಿಕಣಿವೆ ಇನ್ನು ತುಂಬದೆಂದು ತಿಳಿದವರಂತೆ ಮಾತನಾಡುವವರು ಎಷ್ಟೋ ಜನ ಇದ್ದರು. 2022ರಲ್ಲಿ, ಎಂಬತ್ತೊಂಬತ್ತು ವರ್ಷಗಳ ಮೇಲೆ, ಅದು ಮತ್ತೆ ಕೋಡಿ ಬಿತ್ತು. 2025ರ ಜನವರಿಯಲ್ಲಿ ಇನ್ನೊಮ್ಮೆ. ಎಂಬತ್ತೊಂಬತ್ತು ವರ್ಷವೆಂದರೆ ಮನುಷ್ಯನ ಲೆಕ್ಕದಲ್ಲಿ ಪೂರ್ಣಾಯುಷ್ಯ. ನೀರಿನ ಲೆಕ್ಕ ಬೇರೆ. ಹತ್ತು ವರ್ಷ ಒಣಗಿದ ಕೆರೆಯನ್ನು ಸತ್ತ ಕೆರೆಯೆನ್ನುವವರು ಈ ಜಲಾಶಯವನ್ನು ಒಮ್ಮೆ ನೆನೆಯಬೇಕು.

ಬೆಂಗಳೂರಿನಲ್ಲಿ ಈ ಪ್ರಯೋಗ ಆಗಲೇ ನಡೆದುಹೋಗಿದೆ. ಸಂಪಂಗಿ ಕೆರೆಯ ಚರಿತ್ರೆ ಅದರಲ್ಲಿ ಬಹಳ ಸ್ವಾರಸ್ಯದ್ದು. ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಆ ಕೆರೆಯ ಒಣಗಿದ ಅಂಚಿನಲ್ಲಿ ದಂಡಿನ ಕಡೆಯವರು ಪೋಲೋ ಆಡುತ್ತಿದ್ದರು. ಕೆರೆಯಲ್ಲಿ ನೀರು ಏರಿದರೆ ಕುದುರೆಗಳಿಗೆ ನೆಲವಿಲ್ಲ; ನೀರು ಇಳಿದರೆ ತೋಟದವರ ತರಕಾರಿಗೆ ಜೀವವಿಲ್ಲ. ನೀರಿನ ಮಟ್ಟ ಎಷ್ಟಿರಬೇಕೆಂದು ಆಟದವರಿಗೂ ತೋಟದವರಿಗೂ ತಕರಾರು ಹುಟ್ಟಿತು. 1894ರಲ್ಲಿ ಹೆಸರಘಟ್ಟದ ನೀರು ಕೊಳವೆಯಲ್ಲಿ ಬರತೊಡಗಿದ ಮೇಲೆ ನಗರಕ್ಕೆ ಕೆರೆಯ ಹಂಗು ತಪ್ಪಿತು. ಹಂಗು ತಪ್ಪಿದ ಮೇಲೆ ಆದರ ಉಳಿಯುವುದುಂಟೆ? 1930ರ ದಶಕ ಮುಗಿಯುವಷ್ಟರಲ್ಲಿ ಕೆರೆ ಬಹುಮಟ್ಟಿಗೆ ಬರಿದಾಯಿತು. ಆ ನೆಲದಲ್ಲಿ ಇಂದು ಕಂಠೀರವ ಕ್ರೀಡಾಂಗಣವಿದೆ. ಕರಗದ ಆಚರಣೆಗೆಂದು ಒಂದು ಮೂಲೆಯಲ್ಲಿ ಚಿಕ್ಕ ಕೊಳವನ್ನು ಉಳಿಸಿದ್ದಾರೆ. ಪೋಲೋದವರು ಗೆದ್ದರು, ತೋಟದವರು ಸೋತರು. ಕೆರೆಯ ಪರವಾಗಿ ದೇವಿಯೊಬ್ಬಳೇ ಒಂದಿಷ್ಟು ನೀರನ್ನು ಗೆದ್ದುಕೊಂಡಳು ಎನ್ನಬೇಕು. ಅಕ್ಕಿತಿಮ್ಮನಹಳ್ಳಿಯ ಕೆರೆ ಹಾಕಿ ಕ್ರೀಡಾಂಗಣವಾಯಿತು. 1997ರ ರಾಷ್ಟ್ರೀಯ ಕ್ರೀಡಾಕೂಟಕ್ಕೆ ಬಂದ ಆಟಗಾರರಿಗೆಂದು ಕೋರಮಂಗಲದ ಕೆರೆಯಂಗಳದಲ್ಲಿ ವಸತಿ ಸಮುಚ್ಚಯವೆದ್ದಿತು. ಧರ್ಮಾಂಬುಧಿ ಬಸ್ ನಿಲ್ದಾಣವಾದದ್ದು ಎಲ್ಲರೂ ಬಲ್ಲ ಕಥೆ. ಅದು ಆಟದ ಹೆಸರಿನಲ್ಲಿ ಹೋದದ್ದಲ್ಲವಾದ್ದರಿಂದ ಇಲ್ಲಿ ಬಿಡುತ್ತೇನೆ.

ಕೆರೆಯನ್ನು ಅಂಗಡಿಗೆ ಕೊಟ್ಟರೆ ಜನ ಕೂಗಾಡುತ್ತಾರೆ; ಶಾಲೆಗೆ ಕೊಟ್ಟರೆ, ಮಕ್ಕಳ ಆಟಕ್ಕೆ ಕೊಟ್ಟರೆ, ಬಾಯಿ ತೆರೆಯುವವನೇ ಕೆಟ್ಟವನಾಗುತ್ತಾನೆ. ಪಂಜಾಬಿನ ಹಳ್ಳಿಯೊಂದರ ಕೊಳದ ಒತ್ತುವರಿಯನ್ನು ಕುರಿತು 2011ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯ ತೀರ್ಪು ಕೊಟ್ಟಿತು. ಹಳ್ಳಿಗಳ ಸಮುದಾಯದ ನೆಲವನ್ನು ಒತ್ತುವರಿಯಿಂದ ಬಿಡಿಸಬೇಕೆಂದು ಎಲ್ಲ ರಾಜ್ಯಗಳಿಗೂ ಆಜ್ಞೆ ಮಾಡಿದ ತೀರ್ಪು ಅದು. ಅದರಲ್ಲಿಯೂ ಕೆಲವು ವಿನಾಯಿತಿಗಳಿವೆ: ಭೂಹೀನ ಕೂಲಿಕಾರರಿಗೆ, ಪರಿಶಿಷ್ಟ ಜಾತಿ ವರ್ಗಗಳವರಿಗೆ ಸರ್ಕಾರ ಗುತ್ತಿಗೆ ಕೊಟ್ಟಿದ್ದರೆ, ಅಥವಾ ಆ ನೆಲದ ಮೇಲೆ ಆಗಲೇ ಶಾಲೆಯೋ ಔಷಧಾಲಯವೋ ಇದ್ದರೆ. ‘ಆಗಲೇ ಇದ್ದರೆ’ ಎಂಬ ಮಾತನ್ನು ಗಮನಿಸಬೇಕು. ಇರುವುದನ್ನು ಕೆಡವಬೇಡಿರೆಂದು ಹೇಳಿದ್ದೇ ಹೊರತು ಹೊಸದಾಗಿ ಕಟ್ಟಿರೆಂದಲ್ಲ. ಆದರೆ ವಿನಾಯಿತಿಯನ್ನು ಓದುವಾಗ ನಮ್ಮವರ ಕಣ್ಣು ಕ್ರಿಯಾಪದದ ಕಾಲವನ್ನು ದಾಟಿ ನಾಮಪದದ ಮೇಲೆ ನಿಲ್ಲುತ್ತದೆ. ವ್ಯಾಕರಣ ಕಲಿಸಿದವನಾದ್ದರಿಂದ ಇದನ್ನು ಹೇಳಿದೆ.

ಇಷ್ಟು ಹೇಳಿ ನಾನು ಆಟದ ವಿರೋಧಿಯೆಂದು ತಿಳಿಯಬಾರದು. ನನ್ನ ಹಳೆಯ ವಿದ್ಯಾರ್ಥಿಯೊಬ್ಬರು ನಮ್ಮ ಜಿಲ್ಲೆಯ ಹಳ್ಳಿಯೊಂದರಲ್ಲಿ ದೈಹಿಕ ಶಿಕ್ಷಕರಾಗಿದ್ದಾರೆ. ಕೆರೆಯ ಮಾತು ಬಂದಾಗ ಅವರು ನನ್ನನ್ನು ನೇರವಾಗಿಯೇ ಕೇಳಿದರು: “ಮೇಷ್ಟ್ರೇ, ಕೆರೆ ಬೇಡ ಅಂತೀರಿ, ಗೋಮಾಳ ಬೇಡ ಅಂತೀರಿ. ಹಾಗಾದರೆ ಈ ಮಕ್ಕಳು ಎಲ್ಲಿ ಓಡಬೇಕು, ತಾವೇ ಹೇಳಿ. ಗಂಡು ಹುಡುಗರು ಹೇಗೋ ಬಯಲಿನಲ್ಲಿ ಆಡಿಕೊಳ್ಳುತ್ತಾರೆ. ಹೆಣ್ಣುಮಕ್ಕಳು ಊರವರೆಲ್ಲ ನಿಂತು ನೋಡುವ ಕಡೆ ಖೋ ಖೋ ಆಡುತ್ತಾರೆಯೆ? ನನಗೆ ಗೋಡೆಯಿರುವ ಮೈದಾನ ಬೇಕು.”

ಇದು ತಳ್ಳಿಹಾಕುವ ಮಾತಲ್ಲ. ‘ಬಯಲು’ ಎಂಬುದು ಕನ್ನಡದ ದೊಡ್ಡ ಮಾತುಗಳಲ್ಲೊಂದು. ವಚನಕಾರರಿಂದ ಬಯಲಾಟದವರವರೆಗೆ ಎಲ್ಲರೂ ಅದನ್ನು ಹಿಗ್ಗಿಸಿದ್ದಾರೆ. ಆದರೆ ಹದಿಮೂರು ವರ್ಷದ ಹುಡುಗಿಗೆ ಬಯಲೆಂದರೆ ಹತ್ತು ಜೊತೆ ಕಣ್ಣು. 2009ರ ಶಿಕ್ಷಣ ಹಕ್ಕಿನ ಕಾಯಿದೆಯ ಅನುಸೂಚಿಯೂ ಶಾಲೆಗೆ ಆಟದ ಮೈದಾನ ಬೇಕೆನ್ನುತ್ತದೆ. ಹರಿಯಾಣದ ಹಳ್ಳಿಶಾಲೆಯೊಂದರ ಜಾಗದ ಮೊಕದ್ದಮೆಯಲ್ಲಿ, 2023ರ ಮಾರ್ಚಿಯಲ್ಲಿ, ಮೈದಾನವಿಲ್ಲದೆ ಶಾಲೆಯೇ ಇರಕೂಡದೆಂಬ ಅಭಿಪ್ರಾಯವನ್ನು ಸರ್ವೋಚ್ಚ ನ್ಯಾಯಾಲಯ ಹೇಳಿತು. ಮಗುವಿಗೆ ಆಟ ಬೇಕೆಂಬುದು ಕಾನೂನಿನಲ್ಲಿ ಈಗ ಸ್ಥಿರವಾದ ಮಾತು.

ಅದೇ ಅನುಸೂಚಿಯನ್ನು ಇನ್ನೂ ಸ್ವಲ್ಪ ಓದಬೇಕು. ಮೈದಾನ ಇಷ್ಟೇ ಎಕರೆ ಇರಬೇಕೆಂದು ಅದು ಹೇಳಿಲ್ಲ. ಶಾಲೆಯನ್ನು ‘ಗೋಡೆ ಅಥವಾ ಬೇಲಿ’ಯಿಂದ ಭದ್ರಪಡಿಸಬೇಕೆಂದು ಹೇಳಿದೆ. ನಾವು ಆ ‘ಅಥವಾ’ವನ್ನು ನುಂಗಿ ಗೋಡೆಯನ್ನು ಮಾತ್ರ ಉಳಿಸಿಕೊಂಡೆವು. ಗೋಡೆಯೆಂದರೆ ಗುತ್ತಿಗೆದಾರರಿಗೂ ಪ್ರೀತಿ. ಬೇಲಿಯಲ್ಲಿ ಬಿಲ್ಲು ಬರೆಯಲು ಏನಿದೆ? ಮಳೆ ಹರಿಯುವ ದಾರಿಗೆ ಅಡ್ಡವಾಗಿ ಉದ್ದನೆಯ ಗೋಡೆ ಬಂದರೆ ಅದು ಕಟ್ಟೆಯಾಗುತ್ತದೆ. ಮೇಲಿನವರ ಹೊಲ ಜೌಗು, ಕೆಳಗಿನವರ ಹೊಲ ಒಣ. ಕತ್ತಾಳೆಯನ್ನೋ ಬಂದರಿಕೆಯನ್ನೋ ಒತ್ತಾಗಿ ನೆಟ್ಟ ಬೇಲಿ ನೀರನ್ನು ಬಿಡುತ್ತದೆ, ದನವನ್ನು ತಡೆಯುತ್ತದೆ, ನನ್ನ ವಿದ್ಯಾರ್ಥಿ ಹೇಳಿದ ಕಣ್ಣುಗಳನ್ನೂ ಮರೆಮಾಡುತ್ತದೆ.

ಇನ್ನು ಅಳತೆ. ನಮ್ಮ ನಿರ್ಣಯಗಳೆಲ್ಲ ಕೆಡುವುದು ಇಲ್ಲಿಯೇ ಎಂದು ನನ್ನ ನಂಬಿಕೆ. ಕಬಡ್ಡಿಯ ಅಂಕಣ 13 ಮೀಟರ್ ಉದ್ದ, 10 ಮೀಟರ್ ಅಗಲ. ಖೋ ಖೋ ಅಂಕಣ 27 ಮೀಟರ್, 16 ಮೀಟರ್. ವಾಲಿಬಾಲಿಗೆ 18 ಮತ್ತು 9. ಈ ಮೂರೂ ಸೇರಿದರೆ ಏಳು ಗುಂಟೆ ಚಿಲ್ಲರೆ. ಸುತ್ತ ಓಡಾಡಲು, ನಿಂತು ನೋಡಲು ಜಾಗ ಬಿಟ್ಟರೂ ಅರ್ಧ ಎಕರೆಯಲ್ಲಿ ಒಂದು ಶಾಲೆಯ ಆಟ ಸೊಗಸಾಗಿ ನಡೆಯುತ್ತದೆ. ಆದರೆ ಊರಿನ ಹಿರಿಯರ ಕಣ್ಣಿನಲ್ಲಿ ಇರುವುದು ಇದಲ್ಲ. ಅವರಿಗೆ ಬೇಕಾದದ್ದು ನಾನೂರು ಮೀಟರಿನ ಓಟದ ಪಥ, ಮೆಟ್ಟಿಲುಸಾಲು, ಕಮಾನು, ಕಮಾನಿನ ಮೇಲೆ ಹೆಸರು.

ಎಂಟು ಸಾಲಿನ ನಾನೂರು ಮೀಟರ್ ಪಥಕ್ಕೆ ಉದ್ದ ಸುಮಾರು 177 ಮೀಟರ್, ಅಗಲ ಸುಮಾರು 93 ಮೀಟರ್, ಅಂದರೆ ನಾಲ್ಕು ಎಕರೆ ಬೇಕು. ಇಳಿಬಿಸಿಲು ಓಡುವವರ ಕಣ್ಣಿಗೆ ಹೊಡೆಯದಂತೆ ಅದರ ಉದ್ದ ಉತ್ತರ ದಕ್ಷಿಣವಾಗಿರಬೇಕು. ನೆಲದ ಇಳಿಜಾರು ಯಾವ ಕಡೆಗಿದ್ದರೂ ಪಥ ಅದಕ್ಕೆ ಬಗ್ಗುವುದಿಲ್ಲ. ಓಡುವ ದಿಕ್ಕಿನಲ್ಲಿ ಸಾವಿರಕ್ಕೆ ಒಂದರಷ್ಟು ಮಾತ್ರ ಇಳಿಜಾರು ಸಲ್ಲುತ್ತದೆ. ನಮ್ಮ ಕಡೆಯ ಕೆಂಪು ಮಣ್ಣಿನ ದಿಣ್ಣೆಯೊಂದು ಐವತ್ತು ಮೀಟರಿಗೆ ಒಂದು ಮೀಟರ್ ಇಳಿಯುತ್ತದೆಂದು ಇಟ್ಟುಕೊಳ್ಳಿ. ಕಣ್ಣಿಗೆ ಅದು ಇಳಿಜಾರೆಂದೇ ತೋರದು. ಆದರೂ 177 ಮೀಟರ್ ಉದ್ದದಲ್ಲಿ ಎರಡು ತುದಿಗಳಿಗೆ ಮೂರೂವರೆ ಮೀಟರ್ ಅಂತರ ಬೀಳುತ್ತದೆ. ಮೇಲಿನ ಅರ್ಧವನ್ನು ಅಗೆದು ಕೆಳಗಿನ ಅರ್ಧಕ್ಕೆ ತುಂಬಿದರೆ ಏಳು ಸಾವಿರ ಘನ ಮೀಟರಿಗೂ ಮಿಕ್ಕಿ ಮಣ್ಣು ಜಾಗ ಬದಲಾಯಿಸಬೇಕು. ಟಿಪ್ಪರುಗಳ ಲೆಕ್ಕದಲ್ಲಿ ಸಾವಿರಕ್ಕೂ ಹೆಚ್ಚು ಲೋಡು. ಮೇಲಿನ ತುದಿಯಲ್ಲಿ ಆಳೆತ್ತರದ ಕಡಿತ, ಕೆಳಗಿನ ತುದಿಯಲ್ಲಿ ಆಳೆತ್ತರದ ದಿಬ್ಬ. ನಡುವಿನ ಹುಣಸೆ, ಬೇವು, ಹೊಂಗೆ ಎಲ್ಲ ಹೋದವು. ಆ ನಾಲ್ಕು ಎಕರೆಯ ಮೇಲೆ ಒಂದು ಅಂಗುಲ ಮಳೆ ಬಿದ್ದರೆ ನಾಲ್ಕು ಲಕ್ಷ ಲೀಟರ್ ನೀರು. ಗಟ್ಟಿ ಮಾಡಿದ ನೆಲ ಅದನ್ನು ಕುಡಿಯದೆ ಒಂದೇ ಮೂಲೆಯಿಂದ ಹೊರಹಾಕುತ್ತದೆ. ಮೊದಲು ಹತ್ತು ಸಣ್ಣ ಹಾದಿಗಳಲ್ಲಿ ಕೆರೆಗೆ ಇಳಿಯುತ್ತಿದ್ದ ನೀರು ಒಂದೇ ಕೊರಕಲಾಗಿ ಯಾರದೋ ಶೇಂಗಾ ಹೊಲವನ್ನು ಸೀಳಿಕೊಂಡು ಹೋಗುತ್ತದೆ.

ಈ ವೆಚ್ಚ ಬೇಡವೆಂದೇ ಜನ ಸಮತಟ್ಟಾದ ಕೆರೆಯಂಗಳದ ಕಡೆ ತಿರುಗುವುದು. ಅಳತೆ ದೊಡ್ಡದಾದಷ್ಟೂ ಕಣ್ಣು ಕೆರೆಯ ಮೇಲೆ ಬೀಳುತ್ತದೆ. ಅಳತೆಯನ್ನು ಅರ್ಧ ಎಕರೆಗೆ ಇಳಿಸಿದರೆ ಶಾಲೆಯ ಹಿತ್ತಿಲೇ ಸಾಕಾದೀತು. ಜಿಲ್ಲೆಗೊಂದು ದೊಡ್ಡ ಕ್ರೀಡಾಂಗಣ ಬೇಕು, ನಿಜ. ದುರ್ಗದಲ್ಲಿ ಒನಕೆ ಓಬವ್ವನ ಹೆಸರಿನದು ಇದೆ. ಹೋಬಳಿ ಹೋಬಳಿಗೂ ಅಂಥದೇ ಬೇಕೆನ್ನುವುದು ಆಟದ ಆಸೆಯಲ್ಲ, ಕಮಾನಿನ ಆಸೆ.

ಹಳೆಯ ಶಾಸನಗಳಲ್ಲಿ ಸಪ್ತಸಂತಾನವೆಂಬ ಮಾತು ಬರುತ್ತದೆ. ಮನುಷ್ಯ ತನ್ನ ಹಿಂದೆ ಬಿಟ್ಟುಹೋಗಬೇಕಾದ ಏಳರಲ್ಲಿ ಮಗನಿದ್ದಾನೆ, ಕಾವ್ಯವಿದೆ, ದೇವಾಲಯವಿದೆ, ಕೆರೆಯಿದೆ, ತೋಪಿದೆ. ಆಟದ ಬಯಲಿಲ್ಲ. ಅದನ್ನು ಯಾರೂ ಕಟ್ಟಬೇಕಾಗಿರಲಿಲ್ಲವೆಂಬುದೇ ಕಾರಣವಿರಬೇಕು. ಊರ ಮುಂದೆ ಅದು ಇದ್ದೇ ಇತ್ತು. ನಮ್ಮ ಮಹಾಕಾವ್ಯಗಳ ಹದಿನೆಂಟು ವರ್ಣನೆಗಳಲ್ಲಿ ಆಟಕ್ಕೂ ಪಾಲುಂಟು, ವನಕ್ರೀಡೆ, ಜಲಕ್ರೀಡೆಯೆಂದು. ಆಟಕ್ಕೆ ಅಲ್ಲಿ ಹೆಸರು ಬಂದದ್ದು ನೆಲದಿಂದ. ಈಗ ಆಟಕ್ಕೆ ತಕ್ಕಂತೆ ನೆಲವನ್ನು ಕೊಯ್ಯುತ್ತೇವೆ.

ಇಂಗ್ಲೆಂಡಿನಲ್ಲಿ 1947ರ ಯೋಜನಾ ಕಾಯಿದೆಯ ಕಾಲದಿಂದ ಇಂಥ ವಿಷಯಗಳು ಸ್ಥಳೀಯ ಮಂಡಲಿಯ ಮುಂದೆ ಬರುತ್ತವೆ. ಶಾಲೆಯ ಮೈದಾನಕ್ಕೆ ದೀಪದ ಕಂಬ ನೆಡಬೇಕಾದರೂ ಅದರ ಎತ್ತರವೆಷ್ಟು, ಎಷ್ಟು ಗಂಟೆಗೆ ಆರಿಸಬೇಕು, ನೆರೆಯವರ ನೋಟಕ್ಕೆ ಅಡ್ಡವೆ ಎಂದು ವಿಚಾರಿಸುವುದುಂಟು. ನಮ್ಮಲ್ಲಿಯೂ 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯಿದೆಯಿದೆ, ಹೆಸರಿನಲ್ಲಿ ಗ್ರಾಮವಿದೆ. 1985ರಲ್ಲಿ ಉದ್ಯಾನ, ಆಟದ ಬಯಲು, ತೆರವು ಜಾಗ ಈ ಮೂರನ್ನೂ ಒಂದೇ ಹೆಸರಿನಡಿ ರಕ್ಷಿಸುವ ಕಾಯಿದೆಯೂ ಬಂತು. ಬೆಂಗಳೂರಿನ ಸದಾಶಿವನಗರದಲ್ಲಿ ಉದ್ಯಾನಕ್ಕೆಂದು ಬಿಟ್ಟ ನೆಲವನ್ನು ಖಾಸಗಿ ಆಸ್ಪತ್ರೆಗೆ ಕೊಟ್ಟದ್ದು ಸಲ್ಲದೆಂದು 1991ರಲ್ಲಿ ಸರ್ವೋಚ್ಚ ನ್ಯಾಯಾಲಯ ಹೇಳಿತು; ಅದನ್ನು ಮೊದಲು ನ್ಯಾಯಾಲಯದ ಮೆಟ್ಟಿಲು ಹತ್ತಿಸಿದವರು ಆ ಬಡಾವಣೆಯ ನಿವಾಸಿಗಳು. ಹಳ್ಳಿಯಲ್ಲಿ ಅಂಥ ನಿವಾಸಿಗಳು ದೆಹಲಿಗೆ ಹೋಗುವ ಮಾತು ದೂರ. ಅವರಿಗಿರುವುದು ಗ್ರಾಮಸಭೆ. 2005ರ ಉದ್ಯೋಗ ಖಾತರಿ ಕಾಯಿದೆಯ ಹಣದಲ್ಲಿ ಎಷ್ಟೋ ಶಾಲೆಗಳಿಗೆ ಮೈದಾನ, ಕಾಂಪೌಂಡುಗಳಾದವು. ಆ ಕಾಮಗಾರಿಗಳ ಪಟ್ಟಿ ಗ್ರಾಮಸಭೆಯ ಮುಂದೆ ಬಂದೇ ಬಂತು. ಪಟ್ಟಿಯಲ್ಲಿ ಒಂದು ಸಾಲು, ಒಂದು ಮೊತ್ತ. ನಕ್ಷೆಯನ್ನು ಕೇಳಿದವರು ಎಷ್ಟು ಜನ?

ಕೇಳುವುದು ಕಷ್ಟವಲ್ಲ. ಊರಿನ ಗ್ರಾಮ ನಕ್ಷೆಯಲ್ಲಿ ಕೆರೆಯ ಎಲ್ಲೆಯನ್ನೂ ಹಳ್ಳಗಳ ದಾರಿಯನ್ನೂ ಗುರುತಿಸಿರುತ್ತಾರೆ. ಮೈದಾನದ ಪ್ರಸ್ತಾಪ ಬಂದಾಗ ಆ ನಕ್ಷೆಯನ್ನು ಸಭೆಯಲ್ಲಿ ಹಾಸಿ, ಉದ್ದೇಶಿತ ಜಾಗ ಕೆರೆಯ ಎಲ್ಲೆಯೊಳಗೆ ಬರುತ್ತದೆಯೆ, ಯಾವ ಹಳ್ಳ ಅದನ್ನು ಹಾಯುತ್ತದೆ ಎಂದು ಕೇಳಬಹುದು. ಒಣಗಿದ ಕೆರೆಯಲ್ಲಿ ಬೇಸಗೆಯಲ್ಲಿ ಮಕ್ಕಳು ಆಡುವುದಕ್ಕೆ ಯಾರ ಅಡ್ಡಿಯೂ ಇಲ್ಲ, ಎಂದಿನಿಂದಲೋ ಆಡಿದ್ದಾರೆ. ಎರಡು ಕಲ್ಲು ನೆಟ್ಟು ಆಡಿ, ಮಳೆ ಬಂದಾಗ ಎದ್ದುಬಂದರೆ ಕೆರೆಗೆ ನಷ್ಟವಿಲ್ಲ. ಮಣ್ಣು ತುಂಬುವುದು, ಗೋಡೆ ಹಾಕುವುದು, ಕಾಂಕ್ರೀಟು ಸುರಿಯುವುದು, ಇವು ಬೇರೆ.

ನನ್ನ ವಿದ್ಯಾರ್ಥಿ ಹೋದ ತಿಂಗಳು ಶಾಲೆಯ ಹಿತ್ತಿಲನ್ನು ಟೇಪು ಹಿಡಿದು ಅಳೆದರು. ಖೋ ಖೋ ಅಂಕಣ ಸರಿಯಾಗಿ ಹಿಡಿಯುತ್ತದೆ. ಒಂದು ಮೂಲೆಗೆ ಹಳೆಯ ಹುಣಸೆ ಮರ ಅಡ್ಡ ಬರುತ್ತದೆ. ಮರ ಕಡಿಯಬೇಕೆಂದು ಕೆಲವರು, ಅಡುಗೆ ಕೋಣೆಯ ಸೌದೆ ರಾಶಿಯನ್ನು ತೆಗೆದು ಅಂಕಣವನ್ನೇ ಆರು ಅಡಿ ಪೂರ್ವಕ್ಕೆ ಸರಿಸಬೇಕೆಂದು ಕೆಲವರು. ಮುಂದಿನ ಸಭೆಯಲ್ಲಿ ಅದು ತೀರ್ಮಾನವಾಗಬೇಕಾಗಿದೆ.