ಆಟಗಾರ ಕಟ್ಟಿದ ಆಸ್ಪತ್ರೆ

ಬ್ಯಾಸ್ಕೆಟ್‌ಬಾಲ್ ತಂಡದಲ್ಲಿ ಸಾಮಾನ್ಯವಾಗಿ ಎಲ್ಲರಿಗಿಂತ ಎತ್ತರದವನೇ ಸೆಂಟರ್. ಬುಟ್ಟಿಯ ಬಳಿ ನಿಂತು ಎದುರಾಳಿಯ ಎಸೆತ ತಡೆಯುವುದು ಅವನ ಹೊಣೆ. ಚೆಂಡು ಮೇಲೇರುತ್ತಿರುವಾಗಲೇ ತಡೆಯಬೇಕು. ಬುಟ್ಟಿಯತ್ತ ಇಳಿಯತೊಡಗಿದ ಮೇಲೆ ಮುಟ್ಟಿದರೆ ಅಂಕ ಎದುರಾಳಿಗೆ. ಎತ್ತರದ ಜೊತೆಗೆ ಕ್ಷಣದ ಲೆಕ್ಕವೂ ತಿಳಿದಿರಬೇಕು.

ಈ ಲೆಕ್ಕದಲ್ಲಿ ನಿಪುಣರಾಗಿದ್ದವರು ಡಿಕೆಂಬೆ ಮುಟೊಂಬೊ. ಕಾಂಗೋದ ರಾಜಧಾನಿ ಕಿನ್ಶಾಸಾದಲ್ಲಿ 1966ರಲ್ಲಿ ಜನನ. ಎತ್ತರ 7 ಅಡಿ 2 ಅಂಗುಲ. ವೈದ್ಯನಾಗುವ ಆಸೆಯಿಂದ, ವಿದ್ಯಾರ್ಥಿವೇತನ ಪಡೆದು, 1987ರಲ್ಲಿ ಅಮೆರಿಕದ ಜಾರ್ಜ್‌ಟೌನ್ ವಿಶ್ವವಿದ್ಯಾಲಯ ಸೇರಿದರು. ತರಬೇತುದಾರ ಜಾನ್ ಥಾಂಪ್ಸನ್ ಅವರನ್ನು ಆಟಕ್ಕೆ ಕರೆದರು. ವೈದ್ಯಕೀಯದ ಓದು ಕೈತಪ್ಪಿತು; ಭಾಷಾವಿಜ್ಞಾನ, ರಾಜತಾಂತ್ರಿಕತೆಗಳಲ್ಲಿ ಪದವಿ ದೊರೆಯಿತು. 1991ರಲ್ಲಿ ಡೆನ್ವರ್ ನಗೆಟ್ಸ್ ತಂಡ ಅವರನ್ನು ಆರಿಸಿಕೊಂಡಿತು. 2009ರಲ್ಲಿ ಮೊಣಕಾಲಿನ ಪೆಟ್ಟಿನಿಂದ ನಿವೃತ್ತರಾಗುವ ಹೊತ್ತಿಗೆ 3,289 ಎಸೆತಗಳನ್ನು ತಡೆದಿದ್ದರು. ವರ್ಷದ ಶ್ರೇಷ್ಠ ರಕ್ಷಣಾ ಆಟಗಾರ ಪ್ರಶಸ್ತಿ 4 ಬಾರಿ ಅವರಿಗೆ ಸಂದಿತು.

ಕಿನ್ಶಾಸಾದಲ್ಲಿ ಕರ್ಫ್ಯೂ ಇದ್ದಾಗ ಅವರ ತಾಯಿ ಕಾಯಿಲೆಬಿದ್ದರು. ಆಸ್ಪತ್ರೆಗೆ ಒಯ್ಯಲಾಗದೆ ತೀರಿಕೊಂಡರು. ಮಗ ಅದೇ ನಗರದಲ್ಲಿ ತಾಯಿಯ ಹೆಸರಿನಲ್ಲಿ 300 ಹಾಸಿಗೆಗಳ ಆಸ್ಪತ್ರೆ ಕಟ್ಟಿಸಿದರು. ಖರ್ಚಿನ ದೊಡ್ಡ ಪಾಲು ಅವರ ದುಡಿಮೆಯದೇ. 2007ರಲ್ಲಿ ಅದು ರೋಗಿಗಳಿಗೆ ಬಾಗಿಲು ತೆರೆಯಿತು.

2024ರಲ್ಲಿ ಮಿದುಳಿನ ಕ್ಯಾನ್ಸರ್‌ನಿಂದ ಮುಟೊಂಬೊ ನಿಧನರಾದಾಗ 58 ವರ್ಷ. ಬಯಸಿದ ಸೀಟು ಸಿಗಲಿಲ್ಲವೆಂದು ಕೊರಗುವ ಗೆಳೆಯರಿದ್ದರೆ, ವೈದ್ಯರಾಗದೆಯೂ ಊರಿಗೆ ಆಸ್ಪತ್ರೆ ಕೊಟ್ಟ ಇವರ ಕಥೆ ಹೇಳಿ.