ಅಚ್ಚಿನ ಕೈ, ಮಾಲೀಕನ ಹೊಣೆ
(ಸವದತ್ತಿ ತಾಲೂಕಿನ ಉಗರಗೋಳದಲ್ಲಿ ಮಾಡಿದ ಭಾಷಣ)



ಹತ್ತಿಯ ಜಿನ್ನಿನಲ್ಲಿ, ಕಬ್ಬಿನ ಗಾಣದಲ್ಲಿ, ಕಣಿಕೆ ಕತ್ತರಿಸುವ ಯಂತ್ರದಲ್ಲಿ ಬೆರಳು ಹೋಗುವುದು ನಮ್ಮ ಸೀಮೆಗೆ ಹೊಸ ಸಂಗತಿಯಲ್ಲ. ಈಗ ಕೈಯನ್ನೇ ಅಗ್ಗವಾಗಿ ಅಚ್ಚು ತೆಗೆಯಬಹುದೆಂಬ ಸುದ್ದಿ ಬಂದಿದೆ. ಸುದ್ದಿ ಸುಳ್ಳಲ್ಲ. ಥ್ರೀ ಡಿ ಪ್ರಿಂಟರ್ ಎಂಬ ಯಂತ್ರವು ಪ್ಲಾಸ್ಟಿಕ್ಕಿನ ಎಳೆಯನ್ನು ಕರಗಿಸಿ, ಶಾವಿಗೆಯಂತೆ ಒತ್ತಿ, ಪದರದ ಮೇಲೆ ಪದರ ಕಟ್ಟುತ್ತದೆ. ದಕ್ಷಿಣ ಆಫ್ರಿಕದ ಬಡಗಿ ರಿಚರ್ಡ್ ವ್ಯಾನ್ ಆಸ್ 2011ರಲ್ಲಿ ಗರಗಸಕ್ಕೆ ಬೆರಳು ಕೊಟ್ಟರು. ಮಾರುಕಟ್ಟೆಯ ಕೃತಕ ಬೆರಳಿನ ಬೆಲೆ ಕೇಳಿ ಹಿಂದೆ ಬಂದರು. ಅಮೆರಿಕದ ಐವನ್ ಓವೆನ್ನರೊಡನೆ ಸೇರಿ ತಾವೇ ಒಂದು ಕೈ ರೂಪಿಸಿ, 2013ರಲ್ಲಿ ಅದರ ನಕ್ಷೆಯನ್ನು ಜಗತ್ತಿಗೆಲ್ಲ ಪುಕ್ಕಟೆ ಬಿಟ್ಟುಕೊಟ್ಟರು. ದುಡಿಯುವವನ ಬುದ್ಧಿ ದುಡಿಯುವವನಿಗೇ ಸೇರಿದ ಅಪರೂಪದ ಉದಾಹರಣೆಯಿದು. ಬೆಳೆಯುವ ಮಕ್ಕಳಿಗಂತೂ ದೊಡ್ಡ ಅನುಕೂಲ; ಕೈ ಚಿಕ್ಕದಾದರೆ ಅಳತೆ ಹಿಗ್ಗಿಸಿ ಇನ್ನೊಂದನ್ನು ತೆಗೆದರಾಯಿತು.

ಆದರೆ ಅದು ಮಣಿಕಟ್ಟು ಬಾಗಿಸಿದಾಗ ದಾರ ಜಗ್ಗಿ ಬೆರಳು ಮಡಚುವ ಕೈ. ಮಣಿಕಟ್ಟೇ ಹೋದವನಿಗೆ ಅದು ಸಲ್ಲದು. ಚಹದ ಕಪ್ಪು ಹಿಡಿದೀತು, ಜೋಳದ ಚೀಲ ಎತ್ತಲಾರದು. ಅಗ್ಗದ ಅಚ್ಚಿಗೆ ಹೆಚ್ಚಾಗಿ ಬಳಸುವ ಪಿಎಲ್‌ಎ ಪ್ಲಾಸ್ಟಿಕ್ಕು 60 ಡಿಗ್ರಿಯ ಸುಮಾರಿಗೆ ಮೆತ್ತಗಾಗುತ್ತದೆ. ನಮ್ಮ ಬೇಸಿಗೆಯಲ್ಲಿ ಬಾಗಿಲು ಮುಚ್ಚಿ ನಿಲ್ಲಿಸಿದ ಗಾಡಿಯೊಳಗೆ ಅದನ್ನು ಮರೆತು ಬಂದರೆ ಸೊಟ್ಟಗಾದೀತು.

ಕಾಲಿನ ಮಾತು ಇನ್ನೂ ಗಂಭೀರ. ಪದರ ಬಿಚ್ಚಿಕೊಂಡು ಕಾಲು ಮುರಿದರೆ ಮನುಷ್ಯನೇ ಬೀಳುತ್ತಾನೆ. ಮೊಂಡುಗಾಲು ಕೂರುವ ಬಟ್ಟಲು ಸ್ವಲ್ಪ ತಪ್ಪಿದರೂ ಚರ್ಮ ಕಿತ್ತು ಹುಣ್ಣಾಗುತ್ತದೆ. ಸಕ್ಕರೆ ಕಾಯಿಲೆಯವನಿಗೆ ನೋವೂ ತಿಳಿಯದೆ, ಹುಣ್ಣು ಕೊಳೆತು, ಮತ್ತೆ ಕತ್ತರಿಸುವ ಪ್ರಸಂಗ ಬರಬಹುದು. ತೊಡಿಸಿ, ನಡೆಸಿ ನೋಡಿ, ತಿದ್ದುವ ತರಬೇತಾದ ಮನುಷ್ಯ ಬೇಕೇ ಬೇಕು. 1968ರಲ್ಲಿ ಹುಟ್ಟಿದ ಜಯಪುರದ ಕಾಲನ್ನು ನೋಡಿರಿ. ಅದರ ಹಿಂದೆ ಡಾಕ್ಟರ್ ಪಿ. ಕೆ. ಸೇಠಿಯವರ ವಿದ್ಯೆಯಷ್ಟೇ ಕುಶಲಕರ್ಮಿ ರಾಮಚಂದ್ರ ಶರ್ಮರ ಕೈಯೂ ಇತ್ತು. ಚಕ್ಕಳಮಕ್ಕಳ ಹಾಕಿ ಕೂಡುವ, ಬರಿಗಾಲಲ್ಲಿ ಕೆಸರು ತುಳಿಯುವ ಜನರ ಬದುಕು ನೋಡಿ ಮಾಡಿದ ಕಾಲದು.

ಇನ್ನು, ನನಗೆ ಪ್ಲಾಸ್ಟಿಕ್ಕಿಗಿಂತ ಹೆಚ್ಚು ಭಯ ದಾನದ್ದು. ಹುಣ್ಣಿಮೆಗೆ ಎಲ್ಲಮ್ಮನ ಗುಡ್ಡಕ್ಕೆ ಜನ ಹರಿದು ಬರುವಾಗ ಶಿಬಿರ ಹೂಡಿ, ಹಾರ ಹಾಕಿ, ಫೋಟೋ ತೆಗೆಸಿಕೊಂಡು ಹೋಗುವುದು ಸುಲಭ. ಪಟ್ಟಿ ಹರಿದ ದಿನ ಆ ಬಡವ ಯಾರ ಬಾಗಿಲಿಗೆ ಹೋಗಬೇಕು? ಮಾಲೀಕನೂ ಹೀಗೆಯೇ ಅಗ್ಗದ ಕೈಯೊಂದನ್ನು ಕೊಡಿಸಿ, ಉಳಿದ ಕೈಯ ಹೆಬ್ಬೆಟ್ಟನ್ನು ಕಾಗದಕ್ಕೆ ಒತ್ತಿಸಿಕೊಂಡಾನು! 1923ರ ಕಾರ್ಮಿಕ ಪರಿಹಾರ ಕಾಯಿದೆಯ ಪಟ್ಟಿಯು, ತಿದ್ದುಪಡಿಗಳ ತರುವಾಯ, ಹೆಬ್ಬೆರಳು ಹೋದರೆ ದುಡಿಮೆಯ ಶಕ್ತಿಯಲ್ಲಿ ಶೇಕಡ 30 ಹೋಯಿತೆಂದು ಎಣಿಸಿತ್ತು. ಪ್ಲಾಸ್ಟಿಕ್ಕಿನ ಹೆಬ್ಬೆರಳು ಬಂದ ಮಾತ್ರಕ್ಕೆ ಆ ಲೆಕ್ಕ ಚುಕ್ತಾ ಆಗುವುದಿಲ್ಲ. ಗಾಣದ ಬಾಯಿಗೆ ಕಬ್ಬಿಣದ ತಡೆ ಹಾಕಿಸುವ ಹೊಣೆಯೂ ತೀರುವುದಿಲ್ಲ.

ಆದುದರಿಂದ ಅಚ್ಚಿನ ಯಂತ್ರ ಬರಲಿ, ಬೇಡವೆನ್ನುವವರು ನಾವಲ್ಲ. ಅದು ಸವದತ್ತಿಯ ಸರಕಾರಿ ಆಸ್ಪತ್ರೆಗೆ ಬರಲಿ. ಅದರೊಡನೆ ಅಳತೆ ತೆಗೆದು ತೊಡಿಸಬಲ್ಲ, ದುರಸ್ತಿ ಮಾಡಬಲ್ಲ ಪಗಾರದ ನೌಕರನೂ ಬರಲಿ. ಅಲ್ಲಿಯವರೆಗೆ ಯಾರಾದರೂ ಕೈಕಾಲು ಹಂಚಲು ಬಂದರೆ, ದುರಸ್ತಿ ಮಾಡುವವರ ಹೆಸರು, ಊರು, ಬರುವ ವಾರ ಇವಿಷ್ಟನ್ನು ಮೊದಲು ಬರೆಯಿಸಿಕೊಳ್ಳಿರಿ.