ಬಾಗಿಲು ಸೊಟ್ಟಗಾದ್ರೆ ಆಚಾರ್ರನ್ನೇ ಬೈಬೇಕಾ?

ಇವತ್ತು ತಿ. ನರಸೀಪುರದ ನಮ್ಮ ಮನೆಯ ವಾರ್ಡ್‌ರೋಬ್ ಬಾಗಿಲಿನ ಲೆಕ್ಕ. ನಾನು ಬಿ.ಕಾಂ., ಆದ್ರೂ ಈ ಲೆಕ್ಕ ಕಲೀಲೇಬೇಕಾಯ್ತು.

ಬೇಸಿಗೆಯಲ್ಲಿ ಮಾಡಿಸಿದ್ದು. 18 ಮಿ.ಮೀ. ಪ್ಲೈವುಡ್, 7 ಅಡಿ ಎತ್ತರ. ದುಡ್ಡು ಉಳಿಸೋಕೆ ಹೊರಗಡೆ ಮಾತ್ರ ಮೈಕಾ ಅಂಟಿಸಿ, ಒಳಗಡೆ ಹಾಗೇ ಬಿಟ್ಟೆವು. ಮಳೆಗಾಲ ಬಂತು, ಕಾವೇರಿ, ಕಪಿಲೆ ಎರಡೂ ತುಂಬಿದವು, ಮನೆಯೊಳಗೂ ಥಂಡಿ. ಬಾಗಿಲಿನ ಮೇಲಿನ ಮೂಲೆ, ಕೆಳಗಿನ ಮೂಲೆ ಎರಡೂ ಆಚೆ ಬಂದವು.

"ಆಚಾರ್ರೇ, ಕಳಪೆ ಮಾಲು ಹಾಕಿದ್ದೀರಾ" ಅಂದು 3,000 ರೂಪಾಯಿ ಕೊಡದೆ ಹಿಡಿದುಕೊಂಡೆ. ಅವರು, "ಒಳಗೂ ಮೈಕಾ ಹಾಕ್ಸಪ್ಪಾ ಅಂದಿದ್ನಲ್ಲ" ಅಂತಷ್ಟೇ ಹೇಳಿ ಹೋದರು.

ಆಮೇಲೆ ಓದಿದೆ. ಮರ ತೇವ ಕುಡಿದರೆ ಎಳೆಯ ಉದ್ದಕ್ಕೆ ಹಿಗ್ಗೋದು ತೀರಾ ಕಡಿಮೆ, ಅಡ್ಡಕ್ಕೆ ಜಾಸ್ತಿ. ಅದಕ್ಕೇ ಪ್ಲೈವುಡ್‌ನಲ್ಲಿ ಒಂದು ಪದರ ಉದ್ದಕ್ಕೆ, ಮುಂದಿನದು ಅಡ್ಡಕ್ಕೆ ಇಟ್ಟು ಅಂಟಿಸ್ತಾರೆ. ಸಾಮಾನ್ಯವಾಗಿ ಪದರಗಳು 3, 5, 7 ಹೀಗೆ ಬೆಸ ಸಂಖ್ಯೆಯಲ್ಲಿರ್ತವೆ. ಮಧ್ಯದ ಪದರದ ಆಚೆ ಈಚೆ ಎಳೆತ ಸಮ ಇರಲಿ ಅಂತ.

ಆ ಸಮತೋಲನ ಕೆಡಿಸಿದ್ದು ನಾವು. ಹೊರಗಡೆ ಮೈಕಾ ತೇವ ತಡೀತು, ಒಳಗಡೆ ಮರ ಕುಡಿದು ಹಿಗ್ಗಿತು. ಹಳೇ ಇಸ್ತ್ರಿ ಪೆಟ್ಟಿಗೆಯ ಥರ್ಮೋಸ್ಟಾಟ್‌ನಲ್ಲಿ ಎರಡು ಲೋಹದ ಪಟ್ಟಿ ಬಿಸಿಗೆ ಬಾಗುತ್ತಲ್ಲ, ಅದೇ ಕಥೆ. ಅಂಥ ಪಟ್ಟಿ ಎಷ್ಟು ಬಾಗುತ್ತೆ ಅನ್ನೋ ಸೂತ್ರವನ್ನು ಟಿಮೊಶೆಂಕೊ 1925ರಲ್ಲೇ ಕೊಟ್ಟಿದ್ದಾರೆ. ಬಿಸಿ ಜಾಗದಲ್ಲಿ ತೇವ ಇಟ್ಟರೆ ಮರಕ್ಕೂ ಅದೇ ದಾರಿ.

ಸರಳವಾಗಿ ಲೆಕ್ಕ ಹಾಕೋಣ. ಒಳಮುಖ ಹೊರಮುಖಕ್ಕಿಂತ ಶೇ. 0.02 ಮಾತ್ರ ಜಾಸ್ತಿ ಹಿಗ್ಗಿತು ಅನ್ನಿ. 7 ಅಡಿಗೆ ಅದು ಅರ್ಧ ಮಿಲಿಮೀಟರ್ ಕೂಡ ಅಲ್ಲ. ಆದ್ರೆ ಬಾಗಿಲು ಸುಮಾರು 6 ಮಿ.ಮೀ. ಬಾಗುತ್ತೆ! ಎತ್ತರ ಅರ್ಧ ಮಾಡಿದ್ರೆ ಬಾಗು ನಾಲ್ಕನೇ ಒಂದು ಭಾಗಕ್ಕೆ ಇಳಿಯುತ್ತೆ. ಅಡುಗೆಮನೆಯ ಚಿಕ್ಕ ಬಾಗಿಲುಗಳು ಯಾಕೆ ನೆಟ್ಟಗಿದ್ದವು ಅಂತ ಆಗ ಗೊತ್ತಾಯ್ತು.

ಇನ್ನೊಂದು ಮಾತು. ಪ್ಲೈವುಡ್ ಮೇಲೆ ಬಿ.ಡಬ್ಲ್ಯೂ.ಆರ್. ಅಂತಿದ್ರೆ ಅಂಟು ನೀರಿಗೆ ಬಿಡಲ್ಲ ಅಂತ ಅರ್ಥ. ಮರ ತೇವ ಕುಡಿಯಲ್ಲ ಅಂತಲ್ಲ.

ಆಚಾರ್ರ ಮನೆಗೆ ಹೋಗಿ 3,000 ಕೊಟ್ಟು, ತಪ್ಪಾಯ್ತು ಅಂದೆ. ಬಾಗಿಲು ಒಣಗಿ ನೆಟ್ಟಗಾದ ಮೇಲೆ ಅವರೇ ಬಂದು ಒಳಗೂ ಮೈಕಾ ಹಾಕಿ, ಅಂಚುಗಳನ್ನೂ ಮುಚ್ಚಿದರು. ನೀವೂ ಬಾಗಿಲು ಮಾಡಿಸೋವಾಗ ಎರಡೂ ಕಡೆ ಒಂದೇ ಥರ ಮುಚ್ಚಿಸಿ. ಮತ್ತೆ ಸಿಗೋಣ.